ಲಾರಿ ಇಳಿದ ಐದನೇ ದಿನ: ಕುರಿ–ಮೇಕೆಗಳ ನ್ಯುಮೋನಿಯಾ ಶುರುವಾಗುವುದು ಎಲ್ಲಿಂದ?

ಸಂತೆಯಿಂದ ತಂದಾಗ ಮರಿಗಳು ಚೆನ್ನಾಗಿಯೇ ಇದ್ದವು, ನಾಲ್ಕೈದು ದಿನಕ್ಕೆ ಮೂಗು ಸೋರತೊಡಗಿತು, ಆಮೇಲೆ ಕೆಮ್ಮು, ಇಂಜೆಕ್ಷನ್ ಹಾಕಿಸಿದರೂ ಒಂದೊಂದಾಗಿ ಬಿದ್ದವು. ಶಿರಾ, ಪಾವಗಡದಿಂದ ಹಿಡಿದು ಬಾಗೇಪಲ್ಲಿ, ಮುಳಬಾಗಿಲಿನವರೆಗೆ ಕುರಿ ಸಾಕುವವರ ದೂರು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಜೊತೆಗೆ ಒಂದು ಅನುಮಾನವೂ ಇರುತ್ತದೆ: ಮಾರಿದವನು ರೋಗದ ಮರಿ ಕೊಟ್ಟು ಕೈತೊಳೆದುಕೊಂಡ ಎಂದು. ಕೆಲವು ಸಲ ಅದು ನಿಜ. ಬಹಳಷ್ಟು ಸಲ ಅಲ್ಲ. ರೋಗಾಣು ಆ ಮರಿಯ ಗಂಟಲಲ್ಲಿ ಮೊದಲಿಂದಲೂ ಇತ್ತು. ಅದು ಶ್ವಾಸಕೋಶಕ್ಕೆ ಇಳಿಯಲು ದಾರಿ ಸಿಕ್ಕಿದ್ದು ಮಾತ್ರ ಆ ನಾಲ್ಕೈದು ದಿನಗಳಲ್ಲಿ.

ಈ ಪ್ರಶ್ನೆ ಈಗ ಹೆಚ್ಚು ಕಾಡುತ್ತಿರುವುದಕ್ಕೆ ಕಾರಣ ಸಾಕಣೆಯ ರೀತಿ ಬದಲಾಗುತ್ತಿರುವುದು. 2019ರ ಜಾನುವಾರು ಗಣತಿ ಪ್ರಕಾರ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ, ಮೇಕೆಗಳು 60 ಲಕ್ಷಕ್ಕೂ ಹೆಚ್ಚು. ಹಗಲು ಬಯಲಲ್ಲಿ ಮೇಯ್ದು ರಾತ್ರಿ ರೊಪ್ಪದಲ್ಲಿ ಮಲಗುವ ಮಂದೆಗಳು ಹಳ್ಳಿಗಳಲ್ಲಿ ಈಗಲೂ ಇವೆ. ಅದರ ಪಕ್ಕದಲ್ಲೇ ಅಟ್ಟಣಿಗೆ ಶೆಡ್ (ನೆಲದಿಂದ ಎತ್ತರದಲ್ಲಿ ಸಂದಿ ಬಿಟ್ಟು ಹಲಗೆ ಹಾಸಿದ ಕೊಟ್ಟಿಗೆ) ಕಟ್ಟಿ, ಮೂರು ತಿಂಗಳ ಮರಿಗಳನ್ನು ಬಾಗಲಕೋಟೆ ಕಡೆಯ ಅಮೀನಗಡದಿಂದಲೋ ಕೊರಟಗೆರೆ ಬಳಿಯ ಅಕ್ಕಿರಾಂಪುರದ ಸಂತೆಯಿಂದಲೋ ತಂದು, ಬಕ್ರೀದ್ ಅಥವಾ ಊರ ಜಾತ್ರೆಯ ಲೆಕ್ಕಕ್ಕೆ ಕೊಬ್ಬಿಸಿ ಮಾರುವವರು ಹೆಚ್ಚಿದ್ದಾರೆ. ಹತ್ತು ಮಂದೆಯ ಮರಿಗಳು ಒಂದೇ ಲಾರಿಯಲ್ಲಿ ಮೂಗಿಗೆ ಮೂಗು ತಾಗಿಸಿಕೊಂಡು ರಾತ್ರಿಯಿಡೀ ನಿಂತು ಬರುತ್ತವೆ. ತಾಯಿ ಬಿಟ್ಟ ಸಂಕಟ, ನೀರಿಲ್ಲದ ಪ್ರಯಾಣ, ಎದುರುಗಾಳಿ, ಡೀಸೆಲ್ ಹೊಗೆ, ಇಳಿದ ಮೇಲೆ ಹೊಸ ಮೇವು, ಎಲ್ಲವೂ ಒಂದೇ ವಾರದಲ್ಲಿ.

ಗಂಟಲಲ್ಲಿ ಕುಳಿತವನು

ಕುರಿಯ ನ್ಯುಮೋನಿಯಾಕ್ಕೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾದ ಹೆಸರು ಮ್ಯಾನ್ಹೀಮಿಯಾ ಹೀಮೊಲಿಟಿಕಾ. 1999ರವರೆಗೆ ಇದನ್ನು ಪಾಶ್ಚುರೆಲ್ಲಾ ಹೀಮೊಲಿಟಿಕಾ ಎನ್ನುತ್ತಿದ್ದರು. ಹಾಗಾಗಿ ಹಿರಿಯ ಪಶುವೈದ್ಯರ ಬಾಯಲ್ಲಿ ಇಂದಿಗೂ ಇದು ‘ಪಾಶ್ಚುರೆಲ್ಲೋಸಿಸ್’. ಆರೋಗ್ಯವಾಗಿರುವ ಕುರಿಯ ಮೂಗಿನ ಹಿಂಭಾಗದಲ್ಲಿ, ಟಾನ್ಸಿಲ್‌ಗಳಲ್ಲಿ ಇದು ತೆಪ್ಪಗೆ ಬದುಕುತ್ತದೆ. ಉಸಿರಿನ ಜೊತೆ ಒಂದಷ್ಟು ಕೆಳಗಿಳಿದರೂ, ಶ್ವಾಸನಾಳದ ಒಳಮೈಯಲ್ಲಿರುವ ಅತಿ ಸಣ್ಣ ರೋಮಗಳು ಲೋಳೆಯ ಸಮೇತ ಅದನ್ನು ಮೇಲಕ್ಕೆ ಗುಡಿಸಿ ಹಾಕುತ್ತಲೇ ಇರುತ್ತವೆ. ವೈರಸ್ ಸೋಂಕು, ಗಂಜಲದ ಘಾಟು, ದೂಳು, ನೀರಿನ ಕೊರತೆ ಈ ಗುಡಿಸುವ ಕೆಲಸವನ್ನು ನಿಲ್ಲಿಸುತ್ತವೆ. ಆಯಾಸ, ಭಯದಿಂದ ದೇಹದ ರಕ್ಷಣೆಯೂ ತಗ್ಗುತ್ತದೆ.

ಶ್ವಾಸಕೋಶಕ್ಕೆ ಇಳಿದ ಮೇಲೆ ಈ ಬ್ಯಾಕ್ಟೀರಿಯಾ ಲ್ಯುಕೊಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಕೊಲ್ಲುವುದು ಮೆಲುಕು ಹಾಕುವ ಪ್ರಾಣಿಗಳ ಬಿಳಿ ರಕ್ತಕಣಗಳನ್ನು. ಕಾಯಬೇಕಾದ ಕಣಗಳೇ ಒಡೆದು, ಅವುಗಳೊಳಗಿನ ದ್ರವ ಸೋರಿ ಶ್ವಾಸಕೋಶದ ಅಂಗಾಂಶವನ್ನು ಕರಗಿಸುತ್ತದೆ. ಗಾಳಿ ತುಂಬಿರಬೇಕಾದ ಚೀಲಗಳಲ್ಲಿ ರಕ್ತ, ನೀರು, ಫೈಬ್ರಿನ್ ಎಂಬ ಜಿಗುಟು ಪದಾರ್ಥ ತುಂಬಿಕೊಂಡು ಗಟ್ಟಿಯಾಗುತ್ತವೆ. ಔಷಧಿ ತಡವಾದರೆ ಯಾಕೆ ನಾಟುವುದಿಲ್ಲ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ: ಗಟ್ಟಿಯಾದ ಭಾಗಕ್ಕೆ ರಕ್ತವೇ ಸರಿಯಾಗಿ ಹರಿಯುವುದಿಲ್ಲ, ಔಷಧಿ ಹೋಗುವುದಾದರೂ ಹೇಗೆ? ಬ್ಯಾಕ್ಟೀರಿಯಾ ಸತ್ತರೂ ಹಾಳಾದ ಜಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ.

ದಾರಿ ಮಾಡಿಕೊಡುವ ವೈರಸ್‌ಗಳಲ್ಲಿ ದೊಡ್ಡದು ಪಿಪಿಆರ್, ಅಂದರೆ ಕುರಿ–ಮೇಕೆಗಳ ಪ್ಲೇಗ್. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಬಾಯಿ ಹುಣ್ಣು, ಕಣ್ಣು–ಮೂಗು ಸೋರುವುದು, ಭೇದಿ ಇದರ ಗುರುತು. ಆದರೆ ಪಿಪಿಆರ್ ಬಂದ ಮಂದೆಯಲ್ಲಿ ಸತ್ತ ಎಷ್ಟೋ ಪ್ರಾಣಿಗಳನ್ನು ಕೊನೆಗೆ ಮುಗಿಸಿದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಪಿಪಿಆರ್ ಲಸಿಕೆ ಒಂದು ಸಲ 1 ಮಿಲಿ ಚರ್ಮದಡಿ ಹಾಕಿದರೆ ಕನಿಷ್ಠ ಮೂರು ವರ್ಷ ಕಾಯುತ್ತದೆ. ನ್ಯುಮೋನಿಯಾ ತಡೆಯಲು ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ. ಹಾಗಿದ್ದೂ ಸಂತೆಯ ಮರಿಗೆ ಲಸಿಕೆ ಆಗಿದೆಯೇ ಎಂದು ಕೇಳುವವರಿಗಿಂತ ವಯಸ್ಸು ತಿಳಿಯಲು ಹಲ್ಲು ನೋಡುವವರೇ ಜಾಸ್ತಿ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ‘ಗಳಲೆ ರೋಗದ ಲಸಿಕೆ ಹಾಕಿಸಿದ್ದೇವೆ, ಆದರೂ ನ್ಯುಮೋನಿಯಾ ಬಂತು’ ಎನ್ನುವವರಿದ್ದಾರೆ. ಗಳಲೆ ಲಸಿಕೆಯಲ್ಲಿರುವುದು ಪಾಶ್ಚುರೆಲ್ಲಾ ಮಲ್ಟೊಸಿಡಾದ ಒಂದು ನಿರ್ದಿಷ್ಟ ಬಗೆ. ಮುಂಗಾರಿನಲ್ಲಿ ಗಂಟಲು ಊದಿ ಒಂದೇ ದಿನಕ್ಕೆ ಸಾಯಿಸುವ ರೋಗಕ್ಕೆ ಅದು ಬೇಕೇ ಬೇಕು. ಆದರೆ ಮ್ಯಾನ್ಹೀಮಿಯಾ ಬೇರೆ ಬ್ಯಾಕ್ಟೀರಿಯಾ, ಅದಕ್ಕೆ ಈ ಲಸಿಕೆ ತಡೆಯಲ್ಲ. ಲಸಿಕೆ ಕೆಟ್ಟಿತ್ತು ಎಂದು ಆಸ್ಪತ್ರೆಯವರನ್ನು ಬೈದು ಪ್ರಯೋಜನವಿಲ್ಲ.

ಮೇಕೆಯ ಲೆಕ್ಕ ಇನ್ನೂ ಬೇರೆ. ಅದಕ್ಕೆ ಸಿಸಿಪಿಪಿ ಎಂಬ ಸಾಂಕ್ರಾಮಿಕ ನ್ಯುಮೋನಿಯಾ ಬರುತ್ತದೆ, ಕಾರಣ ಮೈಕೊಪ್ಲಾಸ್ಮಾ. ಇದು ಗಂಟಲಲ್ಲಿ ತೆಪ್ಪಗೆ ಕೂರುವ ಜಾತಿಯಲ್ಲ, ಕೆಮ್ಮಿದ ಮೇಕೆಯ ಉಸಿರಿನಿಂದ ಪಕ್ಕದ ಮೇಕೆಗೆ ಹಬ್ಬುತ್ತದೆ. ಹಿಂದೆ ಕಾಯಿಲೆಯೇ ಕಾಣದ ಹಿಂಡಿಗೆ ಹೊಕ್ಕರೆ ಅರ್ಧಕ್ಕಿಂತ ಹೆಚ್ಚು ಮೇಕೆಗಳು ಹೋಗಬಹುದು. ಮೈಕೊಪ್ಲಾಸ್ಮಾಕ್ಕೆ ಜೀವಕೋಶದ ಗೋಡೆಯೇ ಇಲ್ಲ. ಪೆನ್ಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಥರದ ಔಷಧಿಗಳು ಕೆಲಸ ಮಾಡುವುದೇ ಆ ಗೋಡೆಯ ಮೇಲೆ. ಇಲ್ಲದ ಗೋಡೆಗೆ ಏಟು ಹಾಕಿದಂತೆ, ದುಬಾರಿ ಇಂಜೆಕ್ಷನ್ ಐದು ದಿನ ಕೊಟ್ಟರೂ ಜ್ವರ ಇಳಿಯುವುದಿಲ್ಲ. ಇಲ್ಲಿ ಆಕ್ಸಿಟೆಟ್ರಾಸೈಕ್ಲಿನ್, ಟೈಲೋಸಿನ್ ಗುಂಪಿನವೇ ಬೇಕು. ಕುರಿಮರಿಗಳಿಗೂ ಇನ್ನೊಂದು ಬಗೆಯ ಮೈಕೊಪ್ಲಾಸ್ಮಾ ಹತ್ತುತ್ತದೆ. ಅದು ಕೊಲ್ಲುವುದು ಕಡಿಮೆ, ವಾರಗಟ್ಟಲೆ ಕೆಮ್ಮಿಸಿ ತೂಕ ಏರದಂತೆ ಮಾಡುವುದು ಜಾಸ್ತಿ.

ಅಟ್ಟಣಿಗೆಯ ಕೆಳಗಿನ ಘಾಟು

ಅಟ್ಟಣಿಗೆ ಶೆಡ್ ಒಳ್ಳೆಯದೇ. ನೆಲದ ತೇವ ತಾಗುವುದಿಲ್ಲ, ಜಂತುಹುಳದ ಕಾಟ ತಗ್ಗುತ್ತದೆ, ಹಿಕ್ಕೆ ಸುಲಭವಾಗಿ ಸಿಗುತ್ತದೆ. ತೊಂದರೆ ಹಿಕ್ಕೆಯಿಂದಲೇ ಶುರುವಾಗುತ್ತದೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೂ ಚಿಕ್ಕಬಳ್ಳಾಪುರದ ದ್ರಾಕ್ಷಿಗೂ ಕುರಿಗೊಬ್ಬರ ಬೇಕು. ಒಂದು ಲೋಡ್ ಆಗುವವರೆಗೆ ಕಾಯೋಣ ಎಂದು ಎರಡು ಮೂರು ತಿಂಗಳು ಅಟ್ಟಣಿಗೆಯ ಕೆಳಗೇ ಬಿಡುತ್ತಾರೆ. ಒಣಗಿದ ಹಿಕ್ಕೆ ಘಾಟು ಕೊಡುವುದಿಲ್ಲ, ಗಂಜಲ ಹೀರಿದ ಹಿಕ್ಕೆ ಅಮೋನಿಯಾ ಬಿಡುತ್ತದೆ. ನೆಲದ ಕೊಟ್ಟಿಗೆಯಲ್ಲಾದರೆ ಅದು ಪಕ್ಕಕ್ಕೆ ಹೋಗುತ್ತಿತ್ತು. ಅಟ್ಟಣಿಗೆಯಲ್ಲಿ ಹಲಗೆಯ ಸಂದಿಯಿಂದ ನೇರ ಮೇಲಕ್ಕೆ, ಮಲಗಿದ ಮರಿಯ ಮೂಗಿಗೇ ಬರುತ್ತದೆ.

ಮಾಗಿಯ ಚಳಿಯಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ. ಮರಿಗೆ ಚಳಿಯಾಗದಿರಲಿ ಎಂದು ನಾಲ್ಕೂ ಕಡೆ ಸೂರಿನವರೆಗೆ ಟಾರ್ಪಾಲಿನ್ ಬಿಗಿಯುತ್ತಾರೆ. ಬೆಳಗ್ಗೆ ಬಿಚ್ಚಿದಾಗ ತಗಡಿನ ಒಳಮೈಯಲ್ಲಿ ನೀರಿನ ಹನಿ ತೊಟ್ಟಿಕ್ಕುತ್ತಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಉಸಿರಿನ ತೇವ, ಅಮೋನಿಯಾ, ರೋಗಾಣು ಮೂರೂ ರಾತ್ರಿಯೆಲ್ಲಾ ಒಳಗೇ ಸುತ್ತಿವೆ. ಮೈ ಒಣಗಿದ್ದು ಹೊಟ್ಟೆ ತುಂಬಿರುವ ಕುರಿಗೆ ನಮ್ಮ ಕಡೆಯ ಚಳಿ ದೊಡ್ಡ ಶತ್ರುವಲ್ಲ. ನೆನೆದ ಮೈಗೆ ಬೀಸುಗಾಳಿ ತಾಗುವುದು ಮತ್ತು ಉಸಿರುಕಟ್ಟುವ ಕೋಣೆ, ಇವೆರಡೇ ಶತ್ರುಗಳು.

ಪರೀಕ್ಷೆ ಸುಲಭ. ಬೆಳಗ್ಗೆ ಪರದೆ ತೆಗೆಯುವ ಮೊದಲು ಶೆಡ್ಡಿನ ಒಳಗೆ ಹೋಗಿ, ನಿಂತಲ್ಲ, ಕುಕ್ಕರಗಾಲಲ್ಲಿ ಕೂತು, ಹಲಗೆಯಿಂದ ಒಂದು ಅಡಿ ಎತ್ತರದಲ್ಲಿ ಒಂದು ನಿಮಿಷ ಉಸಿರಾಡಿ. ಕಣ್ಣು ಉರಿದರೆ, ಮೂಗು ಚುರುಗುಟ್ಟಿದರೆ ಮರಿಯ ಶ್ವಾಸನಾಳದ ರೋಮಗಳು ಆಗಲೇ ಸೋತಿವೆ.

ಮಾಡಬೇಕಾದದ್ದು ಇಷ್ಟು: ಟಾರ್ಪಾಲಿನ್ ಹಲಗೆಯಿಂದ ಮೂರು ಮೂರೂವರೆ ಅಡಿ ಎತ್ತರಕ್ಕೆ ಸಾಕು, ಅದೂ ಗಾಳಿ ಬೀಸುವ ದಿಕ್ಕಿಗೆ. ಸೂರಿನ ಕೆಳಗೆ ಕನಿಷ್ಠ ಒಂದು ಅಡಿ ಯಾವ ಕಾಲದಲ್ಲೂ ಮುಚ್ಚಬಾರದು. ದೊಡ್ಡ ಕುರಿಗೆ 10ರಿಂದ 12 ಚದರ ಅಡಿ, ಮರಿಗೆ 4ರಿಂದ 5 ಚದರ ಅಡಿ ಜಾಗ ಬೇಕು. ಹಿಕ್ಕೆಯನ್ನು ಹದಿನೈದು ದಿನಕ್ಕೊಮ್ಮೆ ಎಳೆದು ಹೊರಗೆ ರಾಶಿ ಹಾಕಿ ಮುಚ್ಚಿದರೆ ಗೊಬ್ಬರದ ಬೆಲೆಯೇನೂ ತಗ್ಗುವುದಿಲ್ಲ. ಘಾಟು ಕಡಿಮೆಯಾಗಲೆಂದು ಹಸಿ ಹಿಕ್ಕೆಯ ಮೇಲೆ ಸುಣ್ಣ ಚೆಲ್ಲುವವರಿದ್ದಾರೆ. ಅದು ಉಲ್ಟಾ ಕೆಲಸ. ಸುಣ್ಣದ ಕ್ಷಾರಕ್ಕೆ ಅಮೋನಿಯಾ ಇನ್ನಷ್ಟು ಬಿಡುಗಡೆಯಾಗಿ, ಆ ರಾತ್ರಿ ಘಾಟು ಹೆಚ್ಚುತ್ತದೆ. ಸುಣ್ಣ ಹಾಕುವುದಾದರೆ ಹಿಕ್ಕೆ ತೆಗೆದು ಬರಿದಾದ ನೆಲಕ್ಕೆ ಹಾಕಬೇಕು. ಹಿಕ್ಕೆ ಅಲ್ಲೇ ಇರಬೇಕಾದ ಅನಿವಾರ್ಯವಿದ್ದರೆ ಕುರಿಗಳ ಬಾಯಿಗೆ ಸಿಗದಂತೆ ಅಟ್ಟಣಿಗೆಯ ಕೆಳಗೆ ಸೂಪರ್ ಫಾಸ್ಫೇಟ್ ಉದುರಿಸಬಹುದು. ಅದು ಅಮೋನಿಯಾವನ್ನು ಹಿಡಿದಿಡುತ್ತದೆ, ಗೊಬ್ಬರದ ಸಾರವೂ ಏರುತ್ತದೆ.

ಹೊಲದಲ್ಲಿ ಕುರಿ ತರುಬುವವರಿಗೆ ಅಮೋನಿಯಾದ ಚಿಂತೆಯಿಲ್ಲ, ಜಡಿಮಳೆಯ ಚಿಂತೆ ಇದೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಡಿದಂಥ ಬಿಡದ ಮಳೆಯಲ್ಲಿ ಉಣ್ಣೆ ಒಣಗುವುದೇ ಇಲ್ಲ. ದಿಣ್ಣೆಯ ಮೇಲೆ ಗಾಳಿಗೆ ಮರೆಯಾಗುವ ಒಂದು ಬದಿಯ ತಡಿಕೆ, ಮರಿಗಳ ತಲೆಯ ಮೇಲೊಂದು ಹೊದಿಕೆ ಇದ್ದರೂ ವ್ಯತ್ಯಾಸ ಕಾಣುತ್ತದೆ. ಹಿಂಗಾರು ಶುರುವಾಗುವ ಹೊತ್ತಿಗೆ ಉಣ್ಣೆ ಕತ್ತರಿಸಬಾರದು.

ಹೊಸ ಮರಿ ಇಳಿಸಿದ ದಿನ

ಇಳಿಸಿದ ಕೂಡಲೇ ಜಂತುಹುಳದ ಔಷಧಿ, ಎರಡು ಲಸಿಕೆ, ಕಿವಿಗೆ ನಂಬರಿನ ಓಲೆ, ಎಲ್ಲವನ್ನೂ ಒಂದೇ ಬೆಳಗ್ಗೆ ಮುಗಿಸುವ ಆತುರ ಬೇಡ. ಮೊದಲ ದಿನ ನೆರಳು, ಸ್ವಲ್ಪ ಬೆಲ್ಲ–ಉಪ್ಪು ಬೆರೆಸಿದ ನೀರು, ರಾಗಿಹುಲ್ಲು ಇಲ್ಲವೇ ಹುರುಳಿ ಹೊಟ್ಟಿನಂಥ ಒಣಮೇವು. ಹಿಂಡಿ, ಜೋಳದ ನುಚ್ಚು ಮೂರು ದಿನ ಬೇಡ, ಆಮೇಲೆ ಹಿಡಿಹಿಡಿಯಾಗಿ ಏರಿಸುವುದು. ಹಳೇ ಮಂದೆಯಿಂದ ದೂರ, ಬೇರೆ ನೀರಿನ ತೊಟ್ಟಿಯಲ್ಲಿ 21 ದಿನ ಇರಿಸಬೇಕು. ಪಿಪಿಆರ್ ಮೈಯಲ್ಲಿ ಅಡಗಿದ್ದರೆ ಒಂದು ವಾರದೊಳಗೆ, ಸಿಸಿಪಿಪಿ ಸಾಮಾನ್ಯವಾಗಿ 6ರಿಂದ 10 ದಿನದಲ್ಲಿ ಹೊರಗೆ ಬೀಳುತ್ತದೆ. ಒಂದು ವಾರ ಹತ್ತು ದಿನ ಕಳೆದು ಯಾವುದಕ್ಕೂ ಜ್ವರವಿಲ್ಲ ಎಂದಾದ ಮೇಲೆ ಲಸಿಕೆ.

ಈ ಮೂರು ವಾರ ದಿನಾ ಬೆಳಗ್ಗೆ ಒಂದು ಕೆಲಸ ತಪ್ಪಬಾರದು. ಬಿಸಿಲೇರಿದ ಮೇಲೆ ಎಲ್ಲ ಕುರಿಯೂ ಏದುಸಿರು ಬಿಡುತ್ತದೆ, ಆಗ ಎಣಿಸಿ ಉಪಯೋಗವಿಲ್ಲ. ಐದೂವರೆ, ಆರರ ಹೊತ್ತಿಗೆ, ಅವು ಇನ್ನೂ ಮಲಗಿ ಮೆಲುಕು ಹಾಕುತ್ತಿರುವಾಗ ಹೋಗಿ. ಟಾರ್ಚನ್ನು ಮುಖಕ್ಕೆ ಬಿಡದೆ ಪಕ್ಕೆಗೆ ಬಿಟ್ಟು, ಪಕ್ಕೆ ಉಬ್ಬಿ ತಗ್ಗುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ದೊಡ್ಡ ಕುರಿಗೆ ನಿಮಿಷಕ್ಕೆ 12ರಿಂದ 20, ಮರಿಗೆ 30ರವರೆಗೂ ಸರಿ. 40 ದಾಟಿದರೆ ಹಿಡಿದು ಥರ್ಮಾಮೀಟರ್ ಹಾಕಿ. ಗುದದ್ವಾರದೊಳಗೆ ಹಿಕ್ಕೆಗೆ ಚುಚ್ಚದೆ ಪಕ್ಕದ ಗೋಡೆಗೆ ತಾಗುವಂತೆ ಒಂದು ನಿಮಿಷ ಹಿಡಿಯಬೇಕು. 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸಹಜ. 104 ದಾಟಿದ್ದರೆ ಅದನ್ನು ಬೇರೆ ಕಟ್ಟಬೇಕು. ನ್ಯುಮೋನಿಯಾದಲ್ಲಿ 105ರಿಂದ 107 ಮುಟ್ಟುತ್ತದೆ. ಎದ್ದು ಮೇವಿಗೆ ಬರುವಾಗ ಹಿಂದುಳಿದದ್ದು, ಕಿವಿ ಜೋತುಬಿದ್ದದ್ದು, ಕತ್ತು ಮುಂದಕ್ಕೆ ಚಾಚಿ ಮೊಣಕೈ ಅಗಲಿಸಿ ನಿಂತದ್ದು ಕಣ್ಣಿಗೆ ಬೀಳಬೇಕು. ಬಾಯಿ ತೆರೆದು ಉಸಿರಾಡುವ ಹಂತಕ್ಕೆ ಬಂದಿದ್ದರೆ ಅರ್ಧ ಕೈಜಾರಿದಂತೆ.

ಎಲ್ಲ ಗೊಣ್ಣೆಯೂ ನ್ಯುಮೋನಿಯಾ ಅಲ್ಲ. ಜ್ವರವಿಲ್ಲದೆ ಸೀನುತ್ತಾ ತಲೆ ಕೊಡವುತ್ತಾ ಇದ್ದರೆ ಮೂಗಿನಲ್ಲಿ ನೊಣದ ಹುಳು ಸೇರಿರಬಹುದು. ಕೆರೆಯಂಗಳದಲ್ಲಿ ಮೇಯುವ ಮಂದೆಯಲ್ಲಿ ಜ್ವರವಿಲ್ಲದ ಬಹುದಿನದ ಕೆಮ್ಮಿಗೆ ಶ್ವಾಸಕೋಶದ ಜಂತು ಕಾರಣವಾಗಿರಬಹುದು. ಇವಕ್ಕೆ ಆಂಟಿಬಯೋಟಿಕ್ ದಂಡ.

ಇಂಜೆಕ್ಷನ್ ಎಲ್ಲಿ ಕೈಕೊಡುತ್ತದೆ

ಔಷಧಿ ಯಾವುದೆಂದು ನಿರ್ಧರಿಸುವುದು ಪಶುವೈದ್ಯರ ಕೆಲಸ. ಆದರೆ ಸರಿಯಾದ ಔಷಧಿ ಬರೆದುಕೊಟ್ಟರೂ ಸೋಲುವುದು ಹೆಚ್ಚಾಗಿ ಮೂರು ಕಡೆ.

ಮೊದಲನೆಯದು ಬಾಟಲಿ. ಆಕ್ಸಿಟೆಟ್ರಾಸೈಕ್ಲಿನ್ ಒಂದೇ ಹೆಸರಿನಲ್ಲಿ ಮಿಲಿಗೆ 50 ಮಿ.ಗ್ರಾಂನದೂ ಸಿಗುತ್ತದೆ, ಲಾಂಗ್ ಆಕ್ಟಿಂಗ್ ಎಂಬ 200 ಮಿ.ಗ್ರಾಂನದೂ ಸಿಗುತ್ತದೆ. ಲಾಂಗ್ ಆಕ್ಟಿಂಗ್‌ನ ಪ್ರಮಾಣ ಕಿಲೋ ತೂಕಕ್ಕೆ 20 ಮಿ.ಗ್ರಾಂ, ಅಂದರೆ 10 ಕಿಲೋಗೆ 1 ಮಿಲಿ, ಎರಡು ಮೂರು ದಿನ ಬಿಟ್ಟು ಇನ್ನೊಂದು ಸಲ. ಈ ಲೆಕ್ಕವನ್ನು ನೆನಪಿಟ್ಟುಕೊಂಡು ಅಂಗಡಿಯಲ್ಲಿ ಸಿಕ್ಕ 50ರ ಬಾಟಲಿಯಿಂದ ಅಷ್ಟೇ ಮಿಲಿ ಎಳೆದರೆ ಬಿದ್ದದ್ದು ಕಾಲುಭಾಗ ಔಷಧಿ, ಅದೂ ಒಂದು ದಿನಕ್ಕೆ ಮಾತ್ರ.

ಎರಡನೆಯದು ತೂಕ. ಕಣ್ಣಳತೆಯಲ್ಲಿ 20 ಕಿಲೋ ಎಂದದ್ದು 30 ಇರುತ್ತದೆ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು: ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 28, ಉದ್ದ 26 ಇದ್ದರೆ ಸುಮಾರು 31 ಕಿಲೋ. ಅದಕ್ಕೆ ಔಷಧಿ 3 ಮಿಲಿ, ಕತ್ತಿನ ಮಾಂಸಖಂಡಕ್ಕೆ. ಒಂದೇ ಜಾಗದಲ್ಲಿ 5 ಮಿಲಿಗಿಂತ ಹೆಚ್ಚು ಹಾಕಬಾರದು. ತೊಡೆಗೆ ಹಾಕಿದರೆ ನರಕ್ಕೆ ತಾಗಿ ಕುಂಟುವ ಅಪಾಯವಿದೆ.

ಮೂರನೆಯದು ಗಡಿಬಿಡಿ. ಒಂದು ಸೂಜಿಗೆ ಜ್ವರ ಇಳಿದು ಮೇವು ಮುಟ್ಟಿದರೆ ಎರಡನೆಯದನ್ನು ಬಿಟ್ಟುಬಿಡುತ್ತಾರೆ, ವಾರಕ್ಕೆ ಜ್ವರ ಮರುಕಳಿಸುತ್ತದೆ. 48 ಗಂಟೆಯಾದರೂ ಉಷ್ಣಾಂಶ ಇಳಿಯದಿದ್ದರೆ ಅದೇ ಔಷಧಿಯನ್ನು ಎಳೆಯದೆ ವೈದ್ಯರಿಗೆ ತಿಳಿಸಬೇಕು. ಬದಲಿಸುವುದೂ ಅವರ ಲೆಕ್ಕಾಚಾರದಲ್ಲೇ ಆಗಬೇಕು. ತಕ್ಷಣ ಗೆಲುವಾಗಿ ಕಾಣಲೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹಾಕಿಸುವ ಅಭ್ಯಾಸವಂತೂ ಅಪಾಯದ್ದು. ರೋಗನಿರೋಧಕ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ, ತುಂಬು ಗಬ್ಬದ ಕುರಿ ಅವಧಿಗೆ ಮೊದಲೇ ಮರಿ ಹಾಕಿಬಿಡಬಹುದು. ಜ್ವರ, ಉರಿಯೂತಕ್ಕೆ ಮೆಲಾಕ್ಸಿಕ್ಯಾಮ್ ಇದೆ. ಡೈಕ್ಲೋಫಿನಾಕ್ ಅನ್ನು, ಅದು ಬಿದ್ದ ಜಾನುವಾರಿನ ಹೆಣ ತಿಂದ ರಣಹದ್ದುಗಳ ಸಾವಿನ ಕಾರಣಕ್ಕೆ, 2006ರಲ್ಲೇ ಜಾನುವಾರುಗಳಿಗೆ ನಿಷೇಧಿಸಲಾಗಿದೆ, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ಆ ಪಟ್ಟಿಗೆ ಸೇರಿವೆ.

ಇನ್ನು ಗೊಟ್ಟ, ಅಂದರೆ ಬಿದಿರ ಕೊಳವೆಯಿಂದ ಬಾಯಿಗೆ ಔಷಧಿ ಸುರಿಯುವುದು. ಕೆಮ್ಮಿಗೆಂದು ಎಣ್ಣೆ, ಕಷಾಯ, ಮೆಣಸಿನ ನೀರನ್ನು ಕತ್ತು ಮೇಲೆತ್ತಿ, ನಾಲಿಗೆ ಎಳೆದು ಸುರಿಯುವುದರಿಂದಲೇ ಎಷ್ಟೋ ನ್ಯುಮೋನಿಯಾ ಹುಟ್ಟುತ್ತದೆ. ಮೊದಲೇ ಏದುಸಿರು ಬಿಡುವ ಪ್ರಾಣಿಗೆ ನುಂಗಲು ಪುರುಸೊತ್ತಿಲ್ಲ, ದ್ರವ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಎಣ್ಣೆಯಂತೂ ಕೆಮ್ಮು ಬರಿಸದೆಯೇ ಇಳಿಯುವುದರಿಂದ ಇನ್ನೂ ಮೋಸ. ಬಾಯಿಯ ಔಷಧಿ ಕೊಡಲೇಬೇಕಾದರೆ ಮೂತಿ ನೆಲಕ್ಕೆ ಸಮವಾಗಿರಲಿ, ಕೆನ್ನೆಯ ಸಂದಿಯಿಂದ ಹತ್ತು ಮಿಲಿಯಂತೆ ಬಿಡಿ, ಕೆಮ್ಮಿದರೆ ಕೈಬಿಡಿ.

ಸತ್ತದ್ದನ್ನು ಹೂಳುವ ಮೊದಲು

ಮಂದೆಯಲ್ಲಿ ಮೊದಲ ಸಾವಾದ ದಿನ ಮರಣೋತ್ತರ ಪರೀಕ್ಷೆ ಮಾಡಿಸುವುದರಿಂದ ಉಳಿದವುಗಳ ಔಷಧಿ ನಿರ್ಧಾರವಾಗುತ್ತದೆ. ಅನುಗ್ರಹ ಯೋಜನೆಯ ಪರಿಹಾರಕ್ಕೂ ಅದರ ವರದಿ ಬೇಕು. ಸಂಚಾರಿ ಪಶುಚಿಕಿತ್ಸಾ ಘಟಕಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ ಮಾತ್ರ ಹೆಣ ಕೊಯ್ಯಲೇಬಾರದು, ಚರ್ಮ ಸುಲಿಯಬಾರದು. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರಬಹುದು, ಮನುಷ್ಯರಿಗೂ ಹತ್ತುತ್ತದೆ.

ಮ್ಯಾನ್ಹೀಮಿಯಾದಲ್ಲಿ ಶ್ವಾಸಕೋಶದ ಮುಂದಿನ, ಕೆಳಗಿನ ಹಾಲೆಗಳು ಕಡುಗೆಂಪಾಗಿ ಪಿತ್ತಜನಕಾಂಗದಂತೆ ಗಟ್ಟಿಯಾಗಿರುತ್ತವೆ, ಮೇಲೆ ಕೆನೆಯಂಥ ಪದರ ಇರುತ್ತದೆ. ಆ ಭಾಗದ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ಒಳ್ಳೆಯ ಶ್ವಾಸಕೋಶ ತೇಲುತ್ತದೆ. ಸಿಸಿಪಿಪಿಯಲ್ಲಿ ಹೆಚ್ಚಾಗಿ ಒಂದೇ ಬದಿಯ ಶ್ವಾಸಕೋಶ ಕೆಟ್ಟು ಪಕ್ಕೆಲುಬಿಗೆ ಅಂಟಿರುತ್ತದೆ, ಎದೆಗೂಡಿನಲ್ಲಿ ಒಣಹುಲ್ಲಿನ ಬಣ್ಣದ ನೀರು ತುಂಬಿರುತ್ತದೆ. ಪ್ರಯೋಗಾಲಯಕ್ಕೆ ಕಳಿಸುವುದಾದರೆ ಇನ್ನೂ ಆಂಟಿಬಯೋಟಿಕ್ ಬೀಳದ ಪ್ರಾಣಿಯ ಮಾದರಿ ಒಳ್ಳೆಯದು: ಕೆಟ್ಟ ಭಾಗವೂ ಒಳ್ಳೆಯ ಭಾಗವೂ ಸೇರಿರುವ ಅಂಚಿನ ತುಂಡು, ಎದೆಯ ನೀರು, ಎರಡೂ ಐಸಿನಲ್ಲಿ. ಫಾರ್ಮಲಿನ್‌ನಲ್ಲಿ ಮುಳುಗಿಸಿದ ತುಂಡಿನಿಂದ ಬ್ಯಾಕ್ಟೀರಿಯಾ ಬೆಳೆಸಲಾಗದು, ಅದು ಅಂಗಾಂಶ ಪರೀಕ್ಷೆಗೆ ಮಾತ್ರ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳಿಗೆ ದೂರವೇನಲ್ಲ, ಬೆಳಗ್ಗೆ ಹೊರಟರೆ ಐಸು ಕರಗುವ ಮೊದಲೇ ಮುಟ್ಟಬಹುದು.

ಗುಣವಾದ ಕುರಿಯ ಬಗ್ಗೆಯೂ ನಿರ್ಧಾರ ಬೇಕು. ಜ್ವರ ಹೋಗಿ ತಿಂಗಳಾದರೂ ಓಡಿದರೆ ಕೆಮ್ಮುವ, ತಿಂದದ್ದು ಮೈಗೆ ಹತ್ತದ ಮರಿಯ ಶ್ವಾಸಕೋಶದಲ್ಲಿ ಕೀವಿನ ಗಂಟು ಉಳಿದಿರುತ್ತದೆ. ಅದಕ್ಕೆ ಹಿಂಡಿ ಹಾಕಿದಷ್ಟೂ ನಷ್ಟ. ತಳಿಗೆ ಇಟ್ಟುಕೊಳ್ಳುವುದೂ ಬೇಡ, ಸಂತೆಗೆ ಹೊಡೆದುಕೊಂಡು ಹೋಗಿ ಇನ್ನೊಬ್ಬರ ಶೆಡ್ಡಿಗೆ ದಾಟಿಸುವುದೂ ಬೇಡ. ಮಾಂಸಕ್ಕೆ ಕೊಡುವುದೇ ಸರಿ. ಆದರೆ ಲಾಂಗ್ ಆಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್ ಬಿದ್ದಿದ್ದರೆ ಕೊನೆಯ ಇಂಜೆಕ್ಷನ್ನಿನಿಂದ ಸಾಮಾನ್ಯವಾಗಿ 28 ದಿನ ಕಾಯಬೇಕು. ಬೇರೆ ಔಷಧಿಯಾದರೆ ಎಷ್ಟು ದಿನ ಎಂಬುದು ಬಾಟಲಿಯ ಲೇಬಲ್ಲಿನಲ್ಲೇ ಇರುತ್ತದೆ. ಆ ದಿನಾಂಕವನ್ನು ಕುರಿಯ ಓಲೆಯ ನಂಬರಿನ ಜೊತೆ ಶೆಡ್ಡಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೂ ಆಗುತ್ತದೆ.